ದೊಡ್ಡವಳಿಗೆ ನುಸಿ ಹಿಡಿದದ್ದು

"ಒಂದೇ ಒಂದು ಎಲೆ ಉದುರಿದ್ರೂ ನನ್ನನ್ನ ಗಡಿಯಾರದವನು ಅಂತ ಕರೀಬೇಡ" ಎಂದು ಗಡಿಯಾರದವರು ಎದೆ ತಟ್ಟಿಕೊಂಡು ಸಾರಿದಾಗ, ಅವರ ಹೆಂಡತಿ ಸೂಟ್‌ಕೇಸಿನ ಜಿಪ್ಪಿನೊಡನೆ ಹೆಣಗುತ್ತಿದ್ದರು. ಆಕೆಯ ಅಕ್ಕನಿಗೆ ಮಂಡಿಯ ಆಪರೇಷನ್ ಆಗಿತ್ತು. ಅಕ್ಕ ಎದ್ದು ಓಡಾಡುವವರೆಗೆ ಜೊತೆಗಿದ್ದು ಬರಲು ಹೊರಟಿದ್ದರು. ಗಂಡನನ್ನೂ ಮಗಳನ್ನೂ ಬಿಟ್ಟು ಹೋಗುವ ಚಿಂತೆ ಆಕೆಯ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಚಿಂತೆಯೆಲ್ಲ ಗಿಡಗಳದ್ದು.

ಈ ಗಿಡಗಳ ವಿಷಯದಲ್ಲಿ ಗಡಿಯಾರದವರಿಗೆ ಆಗಿರುವ ಅನ್ಯಾಯವನ್ನು ಮೊದಲು ಹೇಳಿಬಿಡಬೇಕು. ಅವರು ಮನೆಯಲ್ಲೇ ಕೂತು ವಾಚು, ಗಡಿಯಾರಗಳನ್ನು ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪು ತಿರುಗಿಸುವ ಕೆಲಸ. ಆ ಕೆಲಸಕ್ಕೆ ಮೊದಲು ಬೇಕಾದದ್ದು ಬೆಳಕು. ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಕಿಟಕಿ ಇದೆ, ಅದರಲ್ಲಿ ಬೆಳಗಿನಿಂದ ಧಾರಾಳವಾಗಿ ಬೆಳಕು ಸುರಿಯುತ್ತದೆ. ಅದು ಬೀಳುವುದು ಯಾರ ಮೇಲೆ? ಹೊಟ್ಟೆಪಾಡಿಗೆ ಕಣ್ಣು ಕಳೆದುಕೊಳ್ಳುತ್ತಿರುವ ಮನೆ ಯಜಮಾನನ ಮೇಲೋ? ಅಲ್ಲ. ಕ್ರೋಟನ್ ಮೇಲೆ. ಅದರ ಪಕ್ಕದ ಬಳ್ಳಿಯ ಮೇಲೆ. ಅದರಾಚೆ ಯಾವ ಕೆಲಸವನ್ನೂ ಮಾಡದೆ ಕುಂಡದಲ್ಲಿ ಕಾಲು ಚಾಚಿಕೊಂಡಿರುವ ಪುಟಾಣಿ ತಾಳೆಯ ಮೇಲೆ. ಯಜಮಾನನ ಮೇಜು ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಮಿಣಮಿಣ ಅನ್ನುವ ಟ್ಯೂಬ್‌ಲೈಟಿನ ಕೆಳಗಿದೆ. ಹಾಲು ಉಕ್ಕಿದರೆ ಓಡುವವರು ಪ್ರತಿಸಲವೂ ಅವರ ಮೊಣಕೈಗೆ ಡಿಕ್ಕಿ ಹೊಡೆಯುತ್ತಾರೆ.

"ಗಿಡಕ್ಕೇನು, ಎಲ್ಲಿಟ್ರೂ ಬೆಳೆಯುತ್ತೆ. ನನಗೆ ಕಿಟಕಿ ಬಿಟ್ಕೊಡು" ಎಂದು ಅವರು ಕೇಳದ ದಿನವಿಲ್ಲ.

"ನಿಮಗಾದ್ರೆ ಟ್ಯೂಬ್‌ಲೈಟ್ ಹಾಕ್ಕೊಳ್ಳೋಕೆ ಕೈ ಇದೆ. ಅವಕ್ಕೆಲ್ಲಿದೆ ಕೈ?" ಎಂದು ಆಕೆ ಹೇಳದ ದಿನವೂ ಇಲ್ಲ.

ಕ್ರೋಟನ್‌ಗೆ ಆ ಮನೆಯಲ್ಲಿ 'ದೊಡ್ಡವಳು' ಎಂದು ಹೆಸರು. ಹಳದಿ, ಕೆಂಪು, ಹಸಿರು ಮೂರೂ ಬಣ್ಣ ಬಳಿದುಕೊಂಡು ಮದುವೆಮನೆಗೆ ಹೊರಟವಳಂತೆ ನಿಂತಿರುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಈ ಮನೆಯಲ್ಲಿ ಚಿಕ್ಕವಳ ಸ್ಥಾನ. ಮಗಳು ಅದನ್ನು ನಗುತ್ತ ಒಪ್ಪಿಕೊಂಡಿದ್ದಳು. ಗಡಿಯಾರದವರು ಮಾತ್ರ ಒಪ್ಪಿರಲಿಲ್ಲ.

ಸೂಟ್‌ಕೇಸು ಮುಚ್ಚಿತು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೆಂಡತಿ ತಣ್ಣಗೆ ಒಂದು ಮಾತು ಬಿಟ್ಟರು:

"ನೋಡಿ, ನಾನು ಬರೋದ್ರೊಳಗೆ ದೊಡ್ಡವಳಿಗೆ ಏನಾದ್ರೂ ಆದ್ರೆ, ಕಿಟಕಿಗೋಸ್ಕರ ನೀವೇ ಮಾಡಿದ್ರಿ ಅಂತ ತಿಳ್ಕೋತೀನಿ."

ಗಡಿಯಾರದವರು ಕೆರಳಿದರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ತಮ್ಮನ್ನು ಗಿಡದ ಕೊಲೆಗಾರನೆಂದುಕೊಳ್ಳುವುದೇ? "ಏನಂದೆ? ಏನಂದೆ ನೀನು? ಆ ಮಾತು ವಾಪಸ್ ತಗೋ" ಎಂದು ಬಾಗಿಲವರೆಗೂ ಹೋದರು. ಅಷ್ಟರಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಆಕೆ ಕೈಬೀಸಿದ್ದು ಗಿಡಗಳಿಗೋ ಗಂಡನಿಗೋ ಗೊತ್ತಾಗಲಿಲ್ಲ.

ಹೀಗೆ, ಯಾವ ಗಿಡಗಳು ಒಣಗಿ ಹೋಗಲಿ ಎಂದು ಒಳಗೊಳಗೇ ಹಾರೈಸುತ್ತಿದ್ದರೋ, ಅದೇ ಗಿಡಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಗತಿ ಅವರಿಗೆ ಬಂತು. ಕ್ರೋಟನ್ ಸತ್ತರೆ ಮಾನ ಹೋಯಿತು, ಬದುಕಿದರೆ ಕಿಟಕಿ ಹೋಯಿತು. ಗಡಿಯಾರದವರು ಮಾನವನ್ನೇ ಆರಿಸಿಕೊಂಡರು, ಬಹಳ ಕೋಪದಿಂದ.

ಗಡಿಯಾರಕ್ಕೆ ಎಣ್ಣೆ ಬಿಡುವ ಕಟ್ಟುನಿಟ್ಟಿನಲ್ಲೇ ಅವರು ಗಿಡಗಳಿಗೆ ನೀರು ಬಿಟ್ಟರು. ಒಂದು ತೊಟ್ಟು ಹೆಚ್ಚಾದರೆ ಯಂತ್ರ ಕೆಟ್ಟಿತು ಎಂಬುದು ಅವರ ಕಸುಬಿನ ಮೊದಲ ಪಾಠ. ಹೆಂಡತಿ ಚೆಂಬಿನಲ್ಲಿ ಸುರಿಯುತ್ತಿದ್ದ ಕಡೆ ಇವರು ಚಮಚ ಹಿಡಿದರು. ರಸ್ತೆಯ ಧೂಳು ಒಳಗೆ ಬರದಿರಲೆಂದು ಕಿಟಕಿ ಭದ್ರವಾಗಿ ಮುಚ್ಚಿದರು. ಕೋಣೆ ಬೆಚ್ಚಗೆ, ಒಣಕಲಾಗಿ, ವಾಚಿನ ಡಬ್ಬಿಯ ಒಳಗಿನ ಹಾಗೆ ಆಯಿತು. ಇನ್ನೇನು ಬೇಕು ಎಂದು ಅವರು ತೃಪ್ತಿಯಿಂದ ಕೈ ಒರೆಸಿಕೊಂಡರು.

ದೊಡ್ಡವಳ ಮೈಮೇಲೆ ಮಂಕು ಕವಿದದ್ದು ಕೆಲವು ದಿನಗಳ ನಂತರ. ಎಲೆಗಳ ಬಣ್ಣ ಹೋಗಿ, ಯಾರೋ ಸೂಜಿಮೊನೆಯಿಂದ ಚುಚ್ಚಿಟ್ಟಂತೆ ಬಿಳಿ ಚುಕ್ಕೆಗಳು. ಕಿಟಕಿ ಮುಚ್ಚಿದ ಮೇಲೂ ಧೂಳೇ? ಗಡಿಯಾರದವರು ಭೂತಗನ್ನಡಿ ಕಚ್ಚಿಸಿಕೊಂಡು ಒಂದು ಎಲೆಯನ್ನು ಮಗುಚಿ ನೋಡಿದರು.

ಧೂಳು ನಡೆಯುತ್ತಿತ್ತು.

ನಡೆಯುತ್ತಿತ್ತು ಅಂದರೆ, ಎಂಟೆಂಟು ಕಾಲು ಹಾಕಿಕೊಂಡು ನಡೆಯುತ್ತಿತ್ತು. ಎಲೆಯ ನರದ ಗುಂಟ ಸಂಜೆಯ ವಾಯುವಿಹಾರಕ್ಕೆ ಬಂದವರಂತೆ, ಅವಸರವಿಲ್ಲದೆ. ಎಲೆಗೂ ಕಾಂಡಕ್ಕೂ ನಡುವೆ ನವಿರಾದ ಬಲೆ ಬೇರೆ ಕಟ್ಟಿಕೊಂಡಿದ್ದವು. ಗಡಿಯಾರದವರ ಮೈ ಉರಿದುಹೋಯಿತು. ಈ ಕಿಟಕಿಗಾಗಿ ಅವರು ಇಷ್ಟು ವರ್ಷ ಅರ್ಜಿ ಹಾಕಿದ್ದರು, ಜಗಳವಾಡಿದ್ದರು, ಊಟ ಬಿಟ್ಟಿದ್ದರು. ಇವು ಯಾರನ್ನೂ ಕೇಳದೆ ಬಂದು ಮನೆ ಮಾಡಿಕೊಂಡಿವೆ!

"ಏ, ಬಾ ಇಲ್ಲಿ. ನಿಮ್ಮಮ್ಮನ ಮುದ್ದಿನ ಮಗಳಿಗೆ ಏನಾಗಿದೆ ನೋಡು" ಎಂದು ಮಗಳನ್ನು ಕೂಗಿದರು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕರೆದು ಒಳಗೆ ಕಳಿಸುವ ಕೆಲಸ ಮಾಡುತ್ತಿದ್ದಳು. ಭೂತಗನ್ನಡಿಯಲ್ಲಿ ನೋಡಿ, "ನುಸಿ ಅಪ್ಪ. ಜೇಡದ ಜಾತಿಯದ್ದು. ಅಮ್ಮನಿಗೆ ಫೋನ್ ಮಾಡಿ ಏನ್ ಮಾಡ್ಬೇಕು ಅಂತ ಕೇಳ್ಲಾ?" ಎಂದಳು.

"ಕೂಡದು" ಎಂದು ಗಡಿಯಾರದವರು ಗುಡುಗಿದರು. "ಕೇಳಿದ್ರೆ ಮುಗೀತು. ನಾನೇ ಎಲ್ಲಿಂದಲೋ ಹಿಡ್ಕೊಂಡು ಬಂದು ಬಿಟ್ಟೆ ಅಂತಾಳೆ. ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಸರಿ ಮಾಡೋನಿಗೆ ಈ ಹುಳ ಯಾವ ಲೆಕ್ಕ?"

ಮೊದಲ ದಿನ ಚಿಮಟ ಹಿಡಿದು ಕೂತರು. ವಾಚಿನ ಬಿಡಿಭಾಗ ಎತ್ತುವ ಚೂಪು ಚಿಮಟ. ಒಂದೊಂದೇ ನುಸಿಯನ್ನು ಕಾಲು ಹಿಡಿದೆತ್ತಿ, ವಾಚು ತೊಳೆಯುವ ಪೆಟ್ರೋಲಿನ ಬಟ್ಟಲಿಗೆ ಬಿಟ್ಟರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಒಂದು ಎಲೆ ಆಯಿತು. ಸ್ವಚ್ಛವಾಯಿತೆಂದು ಇನ್ನೊಂದು ಎಲೆಗೆ ಹೋಗಿ, ತಿರುಗಿ ನೋಡಿದರೆ, ಮೊದಲ ಎಲೆಯಲ್ಲಿ ಮತ್ತೆ ವಾಯುವಿಹಾರ.

ರಿಪೇರಿಗೆ ಕೊಟ್ಟ ವಾಚು ಕೇಳಲು ಬಂದ ನರ್ಸಮ್ಮ ಬಾಗಿಲಲ್ಲೇ ನಿಂತರು. "ಏನ್ ಸರ್, ನನ್ನ ವಾಚು ಆಯ್ತಾ?"

"ಅಮ್ಮಾ, ಇಲ್ಲಿ ಪ್ರಾಣ ಹೋಗ್ತಿದೆ, ನಿಮಗೆ ವಾಚಿನ ಚಿಂತೆ" ಎಂದರು ಗಡಿಯಾರದವರು ತಲೆಯೆತ್ತದೆ.

ಜೀವಮಾನವಿಡೀ ಅದೇ ಮಾತನ್ನು ಬೇರೆಯವರಿಗೆ ಹೇಳಿಕೊಂಡು ಬಂದಿದ್ದ ನರ್ಸಮ್ಮ ಬಂದ ದಾರಿಯಲ್ಲೇ ಹಿಂದಿರುಗಿದರು.

ಎರಡನೆಯ ಪ್ರಯೋಗ ಗಾಳಿಯದು. ವಾಚಿನೊಳಗಿನ ಧೂಳು ಹಾರಿಸಲು ಒಂದು ರಬ್ಬರಿನ ಬುರುಡೆ ಇರುತ್ತದೆ, ಹಿಚುಕಿದರೆ ಪುಸ್ಸೆಂದು ಗಾಳಿ ಬರುತ್ತದೆ. ಅದನ್ನು ಹಿಡಿದು ಎಲೆಯೆಲೆಗೂ ಪುಸ್, ಪುಸ್ ಎಂದು ಊದಿದರು. ಅದ್ಭುತ! ನುಸಿಗಳು ಬಲೆ ಸಮೇತ ಹಾರಿದವು. ದೊಡ್ಡವಳ ಎಲೆಗಳು ಖಾಲಿಯಾದವು. ಗಡಿಯಾರದವರು ಅಂದು ರಾಗ ಗುನುಗುತ್ತ ಊಟ ಮಾಡಿದರು.

ಹಾರಿದ ನುಸಿಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಪಕ್ಕದ ಬಳ್ಳಿ ಮಂಕಾದಾಗ. ಅದಕ್ಕೂ ಊದಿದರು. ತಾಳೆ ಮಂಕಾಯಿತು. ತಾಳೆಗೂ ಊದಿದರು. ಅಲ್ಲಿಂದ ಎದ್ದ ದಂಡು ಮತ್ತೆ ದೊಡ್ಡವಳ ಮೇಲೆ ಬಂದು ಇಳಿಯಿತು. ಹಿಂದೆ ಕಾಲ್ನಡಿಗೆಯಲ್ಲಿ ಓಡಾಡುತ್ತಿದ್ದ ಪ್ರಾಣಿಗಳಿಗೆ ಗಡಿಯಾರದವರು ಪುಕ್ಕಟೆ ವಿಮಾನ ಒದಗಿಸಿದ್ದರು.

"ನಮ್ಮ ಕ್ಲಿನಿಕ್ಕಲ್ಲೂ ಹೀಗೇ ಅಪ್ಪ. ಒಂದು ಹಲ್ಲು ನೋವು ಅಂತ ಬರ್ತಾರೆ, ಹೋಗುವಾಗ ಮೂರು ನೋವಿರುತ್ತೆ" ಎಂದಳು ಮಗಳು. "ನೀರು ಹಾಕಿ ತೊಳೆದ್ರೆ ಹೋಗಬಹುದಲ್ವಾ?"

"ನೀರಾ?" ಗಡಿಯಾರದವರು ಕೂತಲ್ಲಿಂದ ಎದ್ದೇಬಿಟ್ಟರು. "ಕೆಟ್ಟು ನನ್ನ ಮೇಜಿಗೆ ಬರೋ ನೂರು ವಾಚಲ್ಲಿ ತೊಂಬತ್ತು ಕೆಟ್ಟಿರೋದು ನೀರಿಂದ. ಕೈ ತೊಳೆಯುವಾಗ ನೀರು, ಮಳೆ ನೀರು, ಬೆವರಿನ ನೀರು. ಎಲ್ಲಾ ಕೇಡಿಗೂ ಮೂಲ ತೇವ. ಹುಳ ಹುಟ್ಟೋದೇ ತೇವದಲ್ಲಿ. ತೊಳಿ ಅಂತೀಯಲ್ಲ, ಯಾವ ಬಾಯಲ್ಲಿ ಅಂತೀಯ?"

ಹೇಳಿದ ಮೇಲೆ ತಮ್ಮ ಮಾತು ತಮಗೇ ಬಹಳ ಸರಿಯೆನಿಸಿತು. ಶತ್ರುವಿನ ಮೂಲ ಸಿಕ್ಕಿತು, ತೇವ! ಕೂಡಲೇ ಚಮಚದ ನೀರೂ ನಿಂತಿತು. ವಾಚುಗಳ ಜೊತೆ ಇಡುವ ತೇವ ಹೀರುವ ಹರಳಿನ ಪೊಟ್ಟಣಗಳನ್ನು ದಾರಕ್ಕೆ ಕಟ್ಟಿ ಕೊಂಬೆಕೊಂಬೆಗೂ ತೂಗುಹಾಕಿದರು. ಮಗಳ ಕೋಣೆಯ ಮೇಜಿನ ದೀಪ ತಂದು ಗಿಡಗಳ ಮೇಲೆ ಬಗ್ಗಿಸಿ, ದೊಡ್ಡ ಬಲ್ಬು ಹಾಕಿ ಹಗಲಿಡೀ ಉರಿಸಿದರು. ಕೋಣೆಗೆ ಕಾಲಿಟ್ಟರೆ ತುಟಿ ಒಡೆಯುವಂತಾಯಿತು. ಪೇಪರು ಅಲ್ಲಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತಿತ್ತು.

ನುಸಿಗಳ ಸಂತೋಷಕ್ಕೆ ಪಾರವಿಲ್ಲ. ಬಿಸಿ, ಒಣ ಹವೆ, ಅಲುಗಾಡದ ಗಾಳಿ. ಅವುಗಳ ವಂಶ ಬಯಸುವುದೇ ಇದನ್ನು. ಗಂಟೆಗೊಂದು ತಲೆಮಾರು ಎನ್ನುವ ಹಾಗೆ ಬೆಳೆದವು. ಬಲೆ ಈಗ ಭೂತಗನ್ನಡಿ ಇಲ್ಲದೆಯೇ ಕಾಣುತ್ತಿತ್ತು. ಗಡಿಯಾರದವರು ಅವನ್ನು ನೋಡಿ ಹಲ್ಲು ಕಡಿದರು. ಇಷ್ಟು ಶಿಕ್ಷೆ ಕೊಟ್ಟರೂ ಕೊಬ್ಬುತ್ತಿವೆಯಲ್ಲ, ಇವಕ್ಕೆ ಮಾನ ಮರ್ಯಾದೆ ಏನಾದರೂ ಇದೆಯೇ? ಬಲ್ಬನ್ನು ಇನ್ನೂ ಹತ್ತಿರಕ್ಕೆ ಬಗ್ಗಿಸಿದರು.

ಇದರ ನಡುವೆ ಪ್ರತಿ ಸಂಜೆಯ ವಿಡಿಯೋ ಕರೆ. ಹೆಂಡತಿ ಒಂದೇ ಉಸಿರಿಗೆ "ಊಟ ಆಯ್ತಾ, ದೊಡ್ಡವಳನ್ನ ತೋರಿಸಿ" ಅನ್ನುತ್ತಿದ್ದರು. ಊಟದ ಉತ್ತರಕ್ಕೆ ಕಾಯುತ್ತಿರಲಿಲ್ಲ. ಗಡಿಯಾರದವರು ಕರೆಗೆ ಮೊದಲೇ ಪೊಟ್ಟಣಗಳನ್ನು ಬಿಚ್ಚಿ, ದೀಪ ಸರಿಸಿ, ಕುಂಡಗಳನ್ನು ಚೆನ್ನಾಗಿರುವ ಕಡೆ ಮುಂದಾಗುವಂತೆ ತಿರುಗಿಸಿಡುತ್ತಿದ್ದರು. ದಿನ ಕಳೆದಂತೆ ಚೆನ್ನಾಗಿರುವ ಕಡೆ ಕಡಿಮೆಯಾಗುತ್ತ ಬಂತು. ಮಗಳು ಫೋನು ಹಿಡಿದು ಒಂದೊಂದು ದಿನವೂ ಒಂದೊಂದು ಹೆಜ್ಜೆ ಹಿಂದೆ ಹೋಗಬೇಕಾಯಿತು.

"ಯಾಕೆ ಇಷ್ಟು ದೂರದಿಂದ ತೋರಿಸ್ತೀರಾ? ನೆಂಟರ ಮನೆ ಗಿಡನಾ ಅದು?" ಎಂದು ಒಂದು ಸಂಜೆ ಆಕೆ ಕೇಳಿದರು.

"ಹತ್ತಿರ ಬಂದ್ರೆ ಫೋನಿನ ಶಾಖ ಬಡಿಯುತ್ತೆ. ಅವಳಿಗಾಗಲ್ಲ" ಎಂದರು ಗಡಿಯಾರದವರು. ಹಿಂದೆ ಬಿಸಿ ಬಲ್ಬು ಇನ್ನೂ ಟಿಕ್ ಟಿಕ್ ಎಂದು ಆರುತ್ತಿತ್ತು.

ಮರುದಿನ ದೊಡ್ಡವಳು ಎಲೆ ಕೊಡವಿದಳು. ಒಂದಲ್ಲ, ಎರಡಲ್ಲ. ಗಡಿಯಾರದವರು ಬಾಗಿಲು ತೆಗೆದ ಗಾಳಿಗೇ ಎಲೆಗಳು ಪಟಪಟನೆ ನೆಲಕ್ಕೆ ಬಿದ್ದವು. ಕೆಳಭಾಗದ ಕಾಂಡ ಬೋಳಾಗಿ ನಿಂತಿತು. ಗಡಿಯಾರದವರಿಗೆ ಆಗ ಬಂದದ್ದು ಬರಿಯ ಕೋಪವಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು. ಇಷ್ಟೆಲ್ಲ ಒದ್ದಾಡಿದ್ದಕ್ಕೆ ಒಬ್ಬ ಸಾಕ್ಷಿ ಇದ್ದಾನೆಯೇ? ಆಕೆ ಬಂದು ನೋಡುವುದು ಬೋಳು ಗಿಡವನ್ನು. ಅದರ ಹಿಂದೆ ಖಾಲಿಯಾಗಲಿರುವ ಕಿಟಕಿಯನ್ನು. ಕಿಟಕಿಯ ಮುಂದೆ ತಮ್ಮನ್ನು. ಯಾವ ನ್ಯಾಯಾಧೀಶ ತಾನೇ ಬಿಟ್ಟಾನು? ಮಾಡದ ತಪ್ಪಿಗೆ ಆಕೆ ಸಾಯುವವರೆಗೆ "ಕಿಟಕಿಗೋಸ್ಕರ" ಎಂದು ಚುಚ್ಚುವುದನ್ನು ಕೇಳಿಕೊಂಡಿರಬೇಕಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂತು. ತೇವವಾಯಿತೆಂದು ತಟ್ಟನೆ ಒರೆಸಿಕೊಂಡರು.

ಆಗಲೇ ಅವರ ಕೈ ಮೇಜಿನ ಖಾನೆಗೆ ಹೋಯಿತು. ವಾಚಿನ ಗಾಜು ಕೂರಿಸುವ ಅಂಟು ಅಲ್ಲಿತ್ತು.

ಬಿದ್ದ ಎಲೆಗಳಲ್ಲಿ ಬಣ್ಣ ಉಳಿದಿದ್ದವನ್ನು ಆರಿಸಿದರು. ಭೂತಗನ್ನಡಿ ಕಚ್ಚಿಸಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಕಾಂಡಕ್ಕೆ ಅಂಟಿಸಿದರು. ಅವರ ಇಡೀ ಕಸುಬಿನಲ್ಲಿ ಅಷ್ಟು ನಾಜೂಕಾದ ಕೆಲಸ ಮಾಡಿರಲಿಲ್ಲ. ಅಂಟಿನ ಗುರುತೂ ಕಾಣುತ್ತಿರಲಿಲ್ಲ. ಸಂಜೆ ಕೆಲಸದಿಂದ ಬಂದ ಮಗಳು ಗಿಡದ ಮುಂದೆ ಬಹಳ ಹೊತ್ತು ನಿಂತಳು.

"ಹೇಗಿದೆ?" ಎಂದರು ಗಡಿಯಾರದವರು ಹೆಮ್ಮೆಯಿಂದ.

"ಚೆನ್ನಾಗಿದೆ ಅಪ್ಪ. ಈಗ ಗಂಟೆ ಎಷ್ಟು ತೋರಿಸ್ತಿದೆ?"

ನೋಡಿದರೆ ನಿಜ. ಕಾಂಡದ ಸುತ್ತ ಹನ್ನೆರಡು ಎಲೆ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದ ಅಂತರ. ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ದೊಡ್ಡ ಎಲೆ, ಉಳಿದ ಕಡೆ ಚಿಕ್ಕದು. ಕೈ ತನ್ನ ಅಭ್ಯಾಸಕ್ಕೆ ತಾನು ಕೆಲಸ ಮಾಡಿಬಿಟ್ಟಿತ್ತು. ಕಿತ್ತು ಬದಲಿಸೋಣವೆಂದರೆ ಅದು ಅವರ ಅಂಟು, ಜಪ್ಪಯ್ಯ ಅಂದರೂ ಬಿಡುವುದಲ್ಲ.

ಫೋನು ಬಡಿದುಕೊಂಡಿತು. ಆ ಕಡೆಯಿಂದ ಹೆಂಡತಿ ಗಿಡವನ್ನೇ ದಿಟ್ಟಿಸಿದರು.

"ಇವಳೇನ್ರೀ ಸ್ಕೂಲಿಗೆ ಹೊರಟೋರ ಥರ ನೆಟ್ಟಗೆ ತಲೆ ಬಾಚ್ಕೊಂಡು ನಿಂತಿದಾಳೆ?"

"ಶಿಸ್ತು" ಎಂದರು ಗಡಿಯಾರದವರು. "ನಾನು ಕಲಿಸಿದ್ದು."

"ಅಕ್ಕ ಈಗ ಓಡಾಡ್ತಿದಾಳೆ. ನಾಳೆ ಬರ್ತೀನಿ" ಎಂದು ಆಕೆ ಫೋನಿಟ್ಟರು.

ಗಡಿಯಾರದವರು ಅಂದು ನಿದ್ದೆ ಮಾಡದೆ ತಮ್ಮ ವಾದ ತಯಾರಿಸಿದರು. ಒಂದು, ನುಸಿ ತಾನಾಗಿ ಬಂದದ್ದು. ಎರಡು, ತಾವು ಹೊಟ್ಟೆಗಿಲ್ಲದೆ ಹೋರಾಡಿದ್ದು. ಮೂರು, ಕಿಟಕಿಯ ಮೇಲೆ ತಮಗೆ ಎಳ್ಳಷ್ಟೂ ಆಸೆಯಿಲ್ಲದ್ದು. ಮೂರನೆಯದನ್ನು ಹೇಳುವಾಗ ನಾಲಿಗೆ ತೊದಲುತ್ತಿತ್ತು, ಅದನ್ನು ಮಾತ್ರ ಹೆಚ್ಚು ಸಲ ಅಭ್ಯಾಸ ಮಾಡಿದರು.

ಹೆಂಡತಿ ಬಂದರು. ಚಪ್ಪಲಿ ಬಿಟ್ಟು ನೇರ ಕಿಟಕಿಗೆ ನಡೆದರು. ಪೊಟ್ಟಣಗಳ ತೋರಣ ನೋಡಿದರು, ಬಲ್ಬು ನೋಡಿದರು, ಬಲೆ ನೋಡಿದರು. ದೊಡ್ಡವಳ ಆ ಹನ್ನೆರಡು ಎಲೆಗಳಲ್ಲಿ ಒಂದನ್ನು ಹಿಡಿದು ಎಳೆದು ನೋಡಿದರು. ಬರಲಿಲ್ಲ.

"ನೋಡು, ಮೊದಲನೇದಾಗಿ..." ಎಂದು ಗಡಿಯಾರದವರು ಶುರುಮಾಡಿದರು.

"ಸ್ವಲ್ಪ ಸರೀರಿ" ಎಂದ ಆಕೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಂಡವನ್ನು ಎತ್ತಿಕೊಂಡು ಬಚ್ಚಲಿಗೆ ನಡೆದರು. ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಬಟ್ಟೆ ಅದ್ದಿ, ಪ್ರತಿ ಎಲೆಯ ಅಡಿಭಾಗವನ್ನು ಮಗುವಿನ ಕತ್ತು ಉಜ್ಜುವಂತೆ ಉಜ್ಜಿದರು. ಆಮೇಲೆ ನಲ್ಲಿ ತಿರುಗಿಸಿ ಗಿಡದ ನೆತ್ತಿಯ ಮೇಲೆ ಧಾರೆಯಾಗಿ ನೀರು ಬಿಟ್ಟರು. ಗಡಿಯಾರದವರು ಬಚ್ಚಲ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತರು. ಅಷ್ಟು ನೀರನ್ನು ನೋಡಲು ಅವರಿಂದಾಗಲಿಲ್ಲ.

"ಈ ನುಸಿಗಳಿಗೆ ನೀರು ಕಂಡ್ರೆ ಆಗಲ್ಲರೀ. ತಂಪು ಕಂಡ್ರೂ ಆಗಲ್ಲ" ಎಂದು ಆಕೆ ಒಳಗಿನಿಂದ ಹೇಳಿದರು. "ನೀವು ಹಾಸಿಗೆ ಹಾಸಿ, ಬಿಸಿ ಮಾಡಿಕೊಟ್ಟು, ಸಾಕಿದೀರಾ."

ಬಳ್ಳಿಗೂ ತಾಳೆಗೂ ಸ್ನಾನವಾಯಿತು. ಕೆಲವು ದಿನ ಬಿಟ್ಟು ಮತ್ತೆ, ಮತ್ತೆ ಇನ್ನೊಂದು ಸಲ ತೊಳೆದರು. ಮೂರೂ ಕುಂಡಗಳು ಬಚ್ಚಲ ಪಕ್ಕದ ತಂಪು ಮೂಲೆಯಲ್ಲಿ ಬೀಡುಬಿಟ್ಟವು. ದೊಡ್ಡವಳ ನೆತ್ತಿಯಲ್ಲಿ ಬೆರಳುಗುರಿನಷ್ಟು ಹೊಸ ಚಿಗುರು ಕಂಡ ದಿನ, ಯಾರೂ ಕೇಳದೆಯೇ ಹೆಂಡತಿ ಗಂಡನ ಮೇಜನ್ನು ಒಂದು ಕಡೆ ಹಿಡಿದು, "ಹಿಡೀರಿ ಆ ಕಡೆ" ಎಂದರು. ಇಬ್ಬರೂ ಅದನ್ನು ಎತ್ತಿ ಕಿಟಕಿಯ ಮುಂದೆ ಇಟ್ಟರು. ಅಷ್ಟು ವರ್ಷ ಕಾದ ಬೆಳಕು ಗಡಿಯಾರದವರ ಮಡಿಲಿಗೆ ಬಂದು ಬಿತ್ತು.

ಅವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನವಾದರೂ ಆಕೆ "ಕಿಟಕಿಗೋಸ್ಕರ" ಎಂಬ ಆ ಮಾತನ್ನು ಎತ್ತಿರಲಿಲ್ಲ. ಬೈದಿದ್ದರೆ ವಾದ ಹೂಡಬಹುದಿತ್ತು, ಅಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿದ ವಾದ! ಬೈಯದೆ ಕಿಟಕಿ ಕೊಟ್ಟರೆ? ಮನಸ್ಸಿನಲ್ಲೇ ಅಪರಾಧಿ ಎಂದು ತೀರ್ಮಾನಿಸಿ ಕ್ಷಮಿಸಿಬಿಟ್ಟಂತೆ ಅಲ್ಲವೇ? ಮಾಡದ ತಪ್ಪಿಗೆ ಕ್ಷಮೆ ಯಾರಿಗೆ ಬೇಕು? ಅವರ ಸಿಟ್ಟು ನೆತ್ತಿಗೇರಿತು.

"ನೋಡು, ಬಾಯಿಬಿಟ್ಟು ಹೇಳಿಬಿಡು" ಎಂದು ತಿರುಗಿ ಕೂತರು. "ನಾನೇ ಬೇಕಂತ ಗಿಡ ಸಾಯಿಸೋಕೆ ಹೋದೆ ಅಂತ ತಾನೇ ನಿನ್ನ ಅನುಮಾನ?"

ಹೆಂಡತಿಗೆ ನಿಜಕ್ಕೂ ಆಶ್ಚರ್ಯವಾಯಿತು. ಒದ್ದೆ ಬಟ್ಟೆ ಹಿಂಡುತ್ತಿದ್ದ ಕೈ ನಿಂತಿತು.

"ನಿಮ್ಮ ಮೇಲೆ ಅನುಮಾನನಾ? ಛೆ, ನೋಡಿದ ಕೂಡ್ಲೇ ಹೋಯ್ತು ಅದು" ಎಂದರು ಆಕೆ ಬಹಳ ಪ್ರೀತಿಯಿಂದ. "ಸಾಯಿಸ್ಬೇಕು ಅಂತ ಇದ್ದಿದ್ರೆ ನೀವು ಅದನ್ನ ಮುಟ್ಟದೆ ಹಾಗೇ ಬಿಟ್ಟುಬಿಡ್ತಿದ್ರಿ. ಆಗ ಅದು ಚೆನ್ನಾಗೇ ಇರ್ತಿತ್ತು."

ಒಳಗಿನ ಕೋಣೆಯಿಂದ ಮಗಳು ನಕ್ಕ ಸದ್ದು ಕೇಳಿಸಿತು. ಗಡಿಯಾರದವರು ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು ತಲೆ ತಗ್ಗಿಸಿದರು. ಮೇಜಿನ ಮೇಲೆ ವಾಚು ಇರಲಿಲ್ಲ. ಆದರೂ ಬಹಳ ಹೊತ್ತು ಕೆಲಸ ಮಾಡಿದರು.